ವಿಕೆಟ್ ಹಿಂದೆ ಕೂತವನ ಲೆಕ್ಕ

ಒಂದು ಭಾನುವಾರ ಕೊಪ್ಪಳದಿಂದ ಯಲಬುರ್ಗಾಕ್ಕೆ, ಅಣ್ಣನ ಮನೆಗೆ ಹೋಗಿದ್ದೆ. ಅಮ್ಮೀ ಅಲ್ಲೇ ಇರುತ್ತಾರೆ. ನಾನು ಹೊಸ್ತಿಲು ದಾಟುವ ಮೊದಲೇ "ಫುಪ್ಪು, ಏನ್ ತಂದೀರಿ?" ಎಂದು ಚೀಲಕ್ಕೆ ಕೈ ಹಾಕುವ ಅಣ್ಣನ ಮಗ ಅಂದು ಹೊರಗೇ ಬರಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಬೆಳಗಿನಿಂದ ಚಹಾ ಸಹ ಕುಡಿದಿಲ್ಲ ಎಂದು ಭಾಬಿ ಹೇಳಿದರು. ಒಂಬತ್ತನೆಯ ತರಗತಿಯ ಹುಡುಗ. ಪರೀಕ್ಷೆ ಕೆಟ್ಟಿರಬೇಕು ಎಂದುಕೊಂಡೆ. ವಿಷಯ ಬೇರೆಯೇ ಇತ್ತು.

ಅವನು ಶಾಲಾ ತಂಡದ ವಿಕೆಟ್ ಕೀಪರ್. ಹಿಂದಿನ ದಿನ ಕುಷ್ಟಗಿಯಲ್ಲಿ ಪಂದ್ಯವಿತ್ತು. ಇವನನ್ನು ಹೊರಗೆ ಕೂಡಿಸಿ ಚೆನ್ನಾಗಿ ಬ್ಯಾಟ್ ಬೀಸುವ ಇನ್ನೊಬ್ಬ ಹುಡುಗನ ಕೈಗೆ ಗ್ಲೌಸ್ ಕೊಟ್ಟಿದ್ದರು. ತಂಡ 11 ರನ್ನಿನಿಂದ ಸೋತಿತ್ತು. ಸೋತದ್ದಕ್ಕಿಂತ ಹೆಚ್ಚಾಗಿ, ಸೋತ ಮೇಲೂ ಎಲ್ಲರೂ ಆ ಹೊಸ ಕೀಪರ್‌ನ ಬೆನ್ನು ತಟ್ಟಿದ್ದು ಇವನಿಗೆ ನುಂಗಲಾರದ ತುತ್ತಾಗಿತ್ತು.

ಇವನ ತಂಗಿ ಆರನೆಯ ತರಗತಿ. ಲೆಕ್ಕದಲ್ಲಿ ಚುರುಕು. ಅಣ್ಣನ ಪರವಾಗಿ ವಕಾಲತ್ತು ಅವಳೇ ವಹಿಸಿದಳು. "ಫುಪ್ಪು, ಆ ಹುಡುಗ 22 ರನ್ ಹೊಡದಾನ, ಖರೆ. ಆದ್ರ ಅವನ ಕಾಲಾಗಿಂದ ಬೈ ಎಷ್ಟ್ ಹೋದ್ವು ಗೊತ್ತೈತೇನ್ರಿ? ಹದಿನಾರು! ಎರಡು ಕ್ಯಾಚೂ ಬಿಟ್ಟಾನ. ಅಣ್ಣ ಹೊರಗ ಕೂತು ಒಂದೊಂದೂ ಎಣಿಸ್ಯಾನ."

ನಮ್ಮ ಅಣ್ಣ ಪತ್ರಿಕೆಯಿಂದ ತಲೆ ಎತ್ತದೆ, "ಈಗಿನ ಕಾಲದಾಗ ಕೀಪರ್ ಅಂದ್ರ ಮೊದಲ ಬ್ಯಾಟ್ಸ್‌ಮನ್ ಆಗಿರಬೇಕು. ಗಿಲ್‌ಕ್ರಿಸ್ಟ್ ನೋಡು, ಧೋನಿ ನೋಡು. ಬ್ಯಾಟಿಂಗ್ ಕಲಿ ಅಂದ್ರ ಕೇಳಂಗಿಲ್ಲ ಇವ" ಎಂದರು. ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಅಮ್ಮೀ ಮಾತ್ರ ಒಂದು ಪ್ರಶ್ನೆ ಕೇಳಿದರು: "ಕಟ್ಟಿಗಿ ಹಿಂದ ಕುಕ್ಕರಗಾಲಿಲೆ ಕೂತು ಏಳ್ತಾನಲ್ಲ, ಅವನ ಸುದ್ದಿ ಏನು? ದಿನಾ ಎಷ್ಟ್ ಸಲ ಕೂತು ಏಳ್ತಾನ ಅವ?"

ಲೆಕ್ಕ ಹಾಕಿ ಹೇಳಿದೆ. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ 90 ಓವರ್, ಓವರಿಗೆ 6 ಚೆಂಡು. ದಿನವಿಡೀ ಒಂದೇ ತಂಡ ಬ್ಯಾಟ್ ಮಾಡಿದರೆ 540 ಸಲ ಕೂತು ಏಳಬೇಕು. ಅಮ್ಮೀ ತವರು ಗಂಗಾವತಿ ಕಡೆಯದು. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಹೆಂಗಸರನ್ನು ನೋಡುತ್ತಲೇ ಬೆಳೆದವರು. "ಹಂಗಾದ್ರ ನಾಟಿ ಹಚ್ಚೋರ ಸೊಂಟ ಇದ್ದಂಗ ಇರಬೇಕು ಅವಂದು" ಎಂದರು. ಕೀಪರ್ ಕೆಲಸದ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ.

ಓದುಗ ಸಹೋದರಿಯರೇ, ಈ ಜಗಳ ನಮ್ಮ ಮನೆಯದು ಮಾತ್ರ ಅಲ್ಲ. ಕ್ರಿಕೆಟ್ ಬಲ್ಲವರು ಜಗತ್ತಿನ ಶ್ರೇಷ್ಠ ವಿಕೆಟ್ ಕೀಪರ್ ಯಾರು ಎಂದು ಪಟ್ಟಿ ಮಾಡಲು ಕೂತಾಗಲೆಲ್ಲ ಏಳುವ ಜಗಳ ಇದು. ಗ್ಲೌಸ್ ಕೆಲಸಕ್ಕೆ ಎಷ್ಟು ತೂಕ, ಬ್ಯಾಟಿಗೆ ಎಷ್ಟು ತೂಕ? ತಕ್ಕಡಿ ಹಿಡಿಯುವ ಮೊದಲು ಕೆಲಸವೇನೆಂದು ನೋಡೋಣ.

ಬ್ಯಾಟಿಗೂ ಮೈಗೂ ತಾಗದೆ ಹಿಂದಕ್ಕೆ ಹೋದ ಚೆಂಡನ್ನು ಕೀಪರ್ ತಡೆಯದಿದ್ದರೆ ಎದುರಾಳಿ ಓಡಿ ರನ್ ಗಳಿಸುತ್ತಾರೆ. ಅದಕ್ಕೆ ಬೈ ಎನ್ನುತ್ತಾರೆ. ಅದು ಬೌಲರ್ ಲೆಕ್ಕಕ್ಕೆ ಸೇರದೆ ಇತರೆ ರನ್ನಿನ ಮೂಲೆಗೆ ಹೋಗುತ್ತದೆ. ಬ್ಯಾಟಿನ ಅಂಚಿಗೆ ತಾಗಿ ಬಂದ ಚೆಂಡನ್ನು ಹಿಡಿದರೆ ಕ್ಯಾಚ್. ಬ್ಯಾಟ್ಸ್‌ಮನ್ ಗೆರೆ ಬಿಟ್ಟು ಮುಂದೆ ಬಂದು ಚೆಂಡನ್ನು ತಪ್ಪಿಸಿಕೊಂಡರೆ, ಅವನು ಹಿಂದಿರುಗುವಷ್ಟರಲ್ಲಿ ಬೇಲ್ಸ್ ಉರುಳಿಸಿದರೆ ಸ್ಟಂಪಿಂಗ್. ವೇಗದ ಬೌಲರ್‌ಗೆ ಕೀಪರ್ ದೂರ ನಿಲ್ಲುತ್ತಾನೆ. ಸ್ಪಿನ್ ಬೌಲರ್‌ಗೆ ಸ್ಟಂಪ್‌ಗೆ ಅಂಟಿಕೊಂಡಂತೆ ನಿಲ್ಲಬೇಕು. ಅಲ್ಲಿ ಬ್ಯಾಟ್ಸ್‌ಮನ್ ದೇಹವೇ ಅಡ್ಡ. ಚೆಂಡು ತಿರುಗುವುದು, ಪುಟಿಯುವುದು ಕಣ್ಣಿಗೆ ಬೀಳುವುದೇ ಕೊನೆ ಗಳಿಗೆಯಲ್ಲಿ. ಕೀಪರ್‌ನ ನಿಜವಾದ ಪರೀಕ್ಷೆ ಇದು.

ಈ ಪರೀಕ್ಷೆಯಲ್ಲಿ ಗೆದ್ದವರು ನಮ್ಮ ರಾಜ್ಯದವರೇ ಸಯ್ಯದ್ ಕಿರ್ಮಾನಿ. 1949ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಕರ್ನಾಟಕದ ಪರ ಆಡಿದವರು. ನಮ್ಮ ಅಬ್ಬಾಗೆ ಕಿರ್ಮಾನಿ ಎಂದರೆ ಪ್ರಾಣ. ರೇಡಿಯೋ ಕಾಮೆಂಟರಿ ಕೇಳುತ್ತಾ, ಕಾಣದ ಕ್ಯಾಚನ್ನು ನಮಗೆ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಕ್ರಿಕೆಟ್ ನನ್ನ ತಲೆಗೆ ಹತ್ತಿದ್ದು ಹಾಗೆ.

ಕಿರ್ಮಾನಿ ಅವರಿಗೆ ಜಾಗ ಸುಲಭಕ್ಕೆ ಸಿಗಲಿಲ್ಲ. 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಿಗೆ ಹೋದರೂ ಫಾರೂಕ್ ಇಂಜಿನಿಯರ್ ಇದ್ದುದರಿಂದ ಟೆಸ್ಟ್ ಆಡಲು ಆಗಲಿಲ್ಲ. 1976ರ ಜನವರಿಯಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡನೆಯ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದೇ ಇನಿಂಗ್ಸ್‌ನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಈ ನಾಲ್ವರ ಸ್ಪಿನ್ನಿಗೂ ಸ್ಟಂಪ್ ಹಿಂದೆ ನಿಂತವರು ಅವರು. ಇವರಲ್ಲಿ ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಕರ್ನಾಟಕದವರು. ಪೋಲಿಯೋದಿಂದ ಸೊರಗಿದ ಕೈಯಲ್ಲಿ ಮಧ್ಯಮ ವೇಗಿಗಳಷ್ಟು ರಭಸವಾಗಿ ಲೆಗ್‌ಸ್ಪಿನ್ ಎಸೆಯುತ್ತಿದ್ದ ಚಂದ್ರಶೇಖರ್ 242 ಟೆಸ್ಟ್ ವಿಕೆಟ್ ಪಡೆದರು. ಬ್ಯಾಟ್ಸ್‌ಮನ್‌ಗೇ ತಿಳಿಯದ ಆ ಚೆಂಡುಗಳನ್ನು ಹಿಂದೆ ನಿಂತು ಹಿಡಿಯುವುದೆಂದರೆ ಏನು ಎಂದು ಯೋಚಿಸಿ.

1981-82ರಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಎದುರಾಳಿ 1,964 ರನ್ ಗಳಿಸಿದರು. ಅಷ್ಟರಲ್ಲಿ ಕಿರ್ಮಾನಿ ಬಿಟ್ಟುಕೊಟ್ಟ ಬೈ ಒಂದೂ ಇಲ್ಲ. ಸೊನ್ನೆ. ಸ್ಕೋರ್ ಪಟ್ಟಿಯಲ್ಲಿ ಈ ಸೊನ್ನೆಯನ್ನು ನೋಡಿ ಚಪ್ಪಾಳೆ ತಟ್ಟುವವರು ಎಷ್ಟು ಜನ? ಮನೆ ನಡೆಸುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಕೊನೆಯವರೆಗೂ ಡಬ್ಬಿಯಲ್ಲಿ ಅಕ್ಕಿ ಉಳಿದಿದ್ದರೆ ಯಾರೂ ಕೇಳುವುದಿಲ್ಲ. ಒಂದು ದಿನ ಖಾಲಿಯಾದರೆ ಎಲ್ಲರೂ ಕೇಳುತ್ತಾರೆ.

ಅಣ್ಣನ ವಾದವನ್ನೂ ತೆಗೆದು ಹಾಕುವಂತಿಲ್ಲ. ಆಸ್ಟ್ರೇಲಿಯದ ಆಡಂ ಗಿಲ್‌ಕ್ರಿಸ್ಟ್ 96 ಟೆಸ್ಟ್‌ಗಳಲ್ಲಿ 5,570 ರನ್, 17 ಶತಕ ಗಳಿಸಿದರು. ಸರಾಸರಿ 47ರ ಮೇಲೆ. ಏಳನೆಯವರಾಗಿ ಬಂದು ಎರಡು ತಾಸಿನಲ್ಲಿ ಪಂದ್ಯದ ದಿಕ್ಕನ್ನೇ ಬದಲಿಸುತ್ತಿದ್ದರು. ಅವರು ಬಂದ ಮೇಲೆ ಎಲ್ಲ ದೇಶಗಳೂ ಅಂಥವರನ್ನೇ ಹುಡುಕತೊಡಗಿದವು. ಅದಕ್ಕೆ ಮುಂಚೆ ಕಾಲ ಬೇರೆಯೇ ಇತ್ತು. ಇಂಗ್ಲೆಂಡಿನ ಗಾಡ್‌ಫ್ರೆ ಇವಾನ್ಸ್ 91 ಟೆಸ್ಟ್ ಆಡಿದರು, ಬ್ಯಾಟಿಂಗ್ ಸರಾಸರಿ ಸುಮಾರು 20. ಆದರೂ ಶ್ರೇಷ್ಠರ ಸಾಲಿನಲ್ಲಿ ಅವರ ಹೆಸರಿಲ್ಲದೆ ಪಟ್ಟಿ ಮುಗಿಯುವುದಿಲ್ಲ. ಅದೇ ದೇಶದ ಬಾಬ್ ಟೇಲರ್ ಕೈಚಳಕದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅಲನ್ ನಾಟ್ ಚೆನ್ನಾಗಿ ಕೀಪಿಂಗ್ ಮಾಡುವುದಲ್ಲದೆ 32ರ ಸರಾಸರಿಯಲ್ಲಿ ರನ್ನನ್ನೂ ಗಳಿಸುತ್ತಿದ್ದರು. ಆದ್ದರಿಂದ ಟೇಲರ್ ವರ್ಷಗಟ್ಟಲೆ ಕಾಯಬೇಕಾಯಿತು. 1977ರಲ್ಲಿ ನಾಟ್ ಪ್ಯಾಕರ್ ಸರಣಿಗೆ ಹೋದ ಮೇಲಷ್ಟೇ ಅವರಿಗೆ ಜಾಗ ಖಾಯಂ ಆಯಿತು.

ನಮ್ಮ ರಾಜ್ಯದಲ್ಲೇ ಎರಡೂ ಬಗೆಯ ಕಥೆಗಳಿವೆ. 1939ರಲ್ಲಿ ಮಂಗಳೂರಿನ ಹತ್ತಿರದ ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದರು. ಆ ಸರಣಿಯಲ್ಲಿ ಒಟ್ಟು 525 ರನ್ ಗಳಿಸಿದರು. ಅದೇ ವರ್ಷ ಆಸ್ಟ್ರೇಲಿಯದವರು ಬಂದಾಗ ಗ್ಲೌಸ್ ಇನ್ನೊಬ್ಬರ ಕೈಗೆ ಹೋಯಿತು! ಅಷ್ಟು ರನ್ನೂ ಅವರ ಜಾಗವನ್ನು ಉಳಿಸಲಿಲ್ಲ. 18 ಟೆಸ್ಟ್ ಆಡಿ ಮುಂದೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದ ಅವರು 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಇನ್ನೊಬ್ಬರು ಬೆಂಗಳೂರಿನ ಸದಾನಂದ ವಿಶ್ವನಾಥ್. 1985ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪಾಕಿಸ್ತಾನದ ಜಾವೇದ್ ಮಿಯಾಂದಾದ್ ಅವರನ್ನು ಸ್ಟಂಪ್ ಮಾಡಿದ ಆ ಚುರುಕಿನ ಕೈ ಇಂದಿಗೂ ಮಾತಿಗೆ ಬರುತ್ತದೆ. ಬ್ಯಾಟ್ ಕೈಕೊಟ್ಟಿತು. 3 ಟೆಸ್ಟ್, 22 ಏಕದಿನ ಪಂದ್ಯಗಳಿಗೇ ಅವರ ಆಟ ನಿಂತುಹೋಯಿತು.

ಆಮೇಲೆ ರಾಹುಲ್ ದ್ರಾವಿಡ್. ಅವರು ಖಾಯಂ ಕೀಪರ್ ಅಲ್ಲ. 2003ರ ವಿಶ್ವಕಪ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಇರಲಿ ಎಂದು ತಂಡ ಕೇಳಿದಾಗ ಗ್ಲೌಸ್ ತೊಟ್ಟರು. ಭಾರತ ಫೈನಲ್ ತಲುಪಿತು. ಇಪ್ಪತ್ತು ವರ್ಷಗಳ ನಂತರ, 2023ರ ವಿಶ್ವಕಪ್‌ನಲ್ಲಿ, ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅದೇ ಕೆಲಸ ಮಾಡಿ 452 ರನ್ ಗಳಿಸಿದರು, ವಿಕೆಟ್ ಹಿಂದೆ 17 ಜನರನ್ನು ಔಟ್ ಮಾಡಿದರು. 50 ಓವರ್‌ಗಳ ಆಟದಲ್ಲಿ ಈ ಏರ್ಪಾಟು ನಡೆಯುತ್ತದೆ. ಐದು ದಿನದ ಆಟದಲ್ಲಿ, ಬಿರುಕು ಬಿಟ್ಟ ಪಿಚ್ ಮೇಲೆ ಸ್ಪಿನ್ನರ್ ಬೌಲ್ ಮಾಡುವಾಗ ಇದು ನಡೆಯುವುದು ಕಷ್ಟ. 1988ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನರೇಂದ್ರ ಹಿರ್ವಾನಿ ಮೊದಲ ಟೆಸ್ಟಿನಲ್ಲೇ 16 ವಿಕೆಟ್ ಪಡೆದದ್ದು ಎಲ್ಲರಿಗೂ ಗೊತ್ತು. ಅದೇ ಪಂದ್ಯದಲ್ಲಿ ಕಿರಣ್ ಮೋರೆ ಆರು ಸ್ಟಂಪಿಂಗ್ ಮಾಡಿ ವಿಶ್ವದಾಖಲೆ ಬರೆದದ್ದು ಎಷ್ಟು ಜನರ ನೆನಪಿನಲ್ಲಿದೆ?

ಹಾಗಾದರೆ ತೂಗುವುದು ಹೇಗೆ? ಅಣ್ಣನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆನ್ಸಿಲ್ ಹಿಡಿದೆ. ಗಿಲ್‌ಕ್ರಿಸ್ಟ್ ಸರಾಸರಿ 47, ಕಿರ್ಮಾನಿ ಸರಾಸರಿ 27. ವ್ಯತ್ಯಾಸ 20. ಇಬ್ಬರಿಗೂ ಒಂದು ಟೆಸ್ಟಿಗೆ ಸರಾಸರಿ ಒಂದೂಕಾಲು, ಒಂದೂವರೆ ಇನಿಂಗ್ಸ್ ನಡುವೆ ಬ್ಯಾಟಿಂಗ್ ಸಿಕ್ಕಿದೆ. ಅಂದರೆ ಒಂದು ಟೆಸ್ಟಿಗೆ ಗಿಲ್‌ಕ್ರಿಸ್ಟ್ ಸುಮಾರು 28 ರನ್ ಹೆಚ್ಚು ತಂದುಕೊಡುತ್ತಾರೆ. ಸಣ್ಣ ಮೊತ್ತವಲ್ಲ. ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ಟೆಸ್ಟ್ ಆಟದಲ್ಲಿ ಒಂದು ವಿಕೆಟ್ ಬೀಳಲು ಸರಾಸರಿ 30 ರನ್ ಆಸುಪಾಸು ಖರ್ಚಾಗುತ್ತದೆ. ಹಾಗಾಗಿ ಕೀಪರ್ ಒಂದು ಅವಕಾಶ ಕೈಚೆಲ್ಲಿದರೆ ತಂಡಕ್ಕೆ ಸುಮಾರು ಅಷ್ಟೇ ನಷ್ಟ.

ಅವಳು ತಟ್ಟನೆ ಹೇಳಿದಳು: "ಅಂದ್ರ ಮ್ಯಾಚಿಗೆ ಒಂದು ಕ್ಯಾಚ್ ಹೆಚ್ಚಿಗಿ ಬಿಟ್ರ ಎಲ್ಲಾ ಸಮ ಆತು!"

ಅದೇ ಇಡೀ ಮಾತಿನ ತಿರುಳು. ಜಗತ್ತಿನ ಅತಿ ದೊಡ್ಡ ಬ್ಯಾಟ್ಸ್‌ಮನ್ ಕೀಪರ್‌ಗೂ ಒಬ್ಬ ಸಾಧಾರಣ ಬ್ಯಾಟಿನ ಕೀಪರ್‌ಗೂ ಇರುವ ಅಂತರವನ್ನು ತುಂಬಲು ಪಂದ್ಯಕ್ಕೆ ಒಂದೇ ಒಂದು ಅವಕಾಶ ಸಾಕು. ಗಿಲ್‌ಕ್ರಿಸ್ಟ್ ಶ್ರೇಷ್ಠರಾದದ್ದು ಶತಕಗಳಿಂದ ಮಾತ್ರ ಅಲ್ಲ. ಶೇನ್ ವಾರ್ನ್ ಅಂಥವರ ಸ್ಪಿನ್ನಿಗೆ ನಿಂತೂ ಆ ಒಂದು ಅವಕಾಶವನ್ನು ಅವರು ಸುಮ್ಮನೆ ಕಳೆಯುತ್ತಿರಲಿಲ್ಲ. ಅವರನ್ನು ನೋಡಿ, ಗ್ಲೌಸ್ ಹೇಗಿದ್ದರೂ ನಡೆಯುತ್ತದೆ, ರನ್ ಬಂದರೆ ಸಾಕು ಎಂದುಕೊಂಡವರು ಪಾಠವನ್ನು ಅರ್ಧ ಓದಿದ್ದಾರೆ.

ಔಟ್ ಮಾಡಿದವರ ಸಂಖ್ಯೆಯನ್ನಷ್ಟೇ ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಟೆಸ್ಟ್‌ಗಳಲ್ಲಿ 555 ಜನರನ್ನು ಔಟ್ ಮಾಡಿದರು. ಅದರಲ್ಲಿ ಸ್ಟಂಪಿಂಗ್ 23 ಮಾತ್ರ. ವೇಗಿಗಳ ತಂಡದಲ್ಲಿ ಅಂಚಿಗೆ ತಾಗಿದ ಕ್ಯಾಚ್‌ಗಳೇ ಹೆಚ್ಚು ಬರುತ್ತವೆ. ಕಿರ್ಮಾನಿ 88 ಟೆಸ್ಟ್‌ಗಳಲ್ಲಿ ಔಟ್ ಮಾಡಿದ್ದು 198. ಅದರಲ್ಲಿ 38 ಸ್ಟಂಪಿಂಗ್, ಅಂದರೆ ಸುಮಾರು ಐದರಲ್ಲಿ ಒಂದು. ಧೋನಿ 90 ಟೆಸ್ಟ್‌ಗಳಲ್ಲಿ ಮಾಡಿದ ಸ್ಟಂಪಿಂಗ್ ಕೂಡ ಸರಿಯಾಗಿ 38. ಮಿಂಚಿನ ಕೈ ಎಂದು ಲೋಕವೆಲ್ಲ ಹೊಗಳುವ ಧೋನಿಯ ಸಮಕ್ಕೆ, ಅವರಿಗಿಂತ ಎರಡು ಟೆಸ್ಟ್ ಕಡಿಮೆ ಆಡಿ, ನಮ್ಮ ಕಿರ್ಮಾನಿ ನಿಂತಿದ್ದಾರೆ. ಬ್ಯಾಟನ್ನೂ ಸೇರಿಸಿದರೆ ಧೋನಿಯ 38 ರನ್ ಸರಾಸರಿ ಮೇಲಾಗುತ್ತದೆ, ಅದನ್ನು ಒಪ್ಪಬೇಕು.

ಇನ್ನೊಂದು ಸಂಗತಿ. ಕೀಪಿಂಗ್ ಭಾರ ಬ್ಯಾಟನ್ನೂ ತಿನ್ನುತ್ತದೆ. ಶ್ರೀಲಂಕಾದ ಕುಮಾರ ಸಂಗಕ್ಕಾರ ಗ್ಲೌಸ್ ತೊಟ್ಟು ಆಡಿದ 48 ಟೆಸ್ಟ್‌ಗಳಲ್ಲಿ ಅವರ ಸರಾಸರಿ 40. ಗ್ಲೌಸ್ ಬಿಟ್ಟು ಆಡಿದ 86 ಟೆಸ್ಟ್‌ಗಳಲ್ಲಿ 66! 540 ಸಲ ಕೂತು ಎದ್ದ ಮೊಣಕಾಲಿಗೆ ಬ್ಯಾಟ್ ಹಿಡಿದು ನಿಲ್ಲುವುದು ಬೇರೆಯೇ ಕೆಲಸ. ದಿನವಿಡೀ ಒಲೆ ಮುಂದೆ ನಿಂತವಳಿಗೆ ಸಂಜೆ ಬಂದ ಅತಿಥಿಗಳ ಮುಂದೆ ನಗುನಗುತ್ತಾ ಕುಳಿತುಕೋ ಎಂದ ಹಾಗೆ.

ಇಷ್ಟಾದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ. ಕೀಪರ್‌ಗೆ ಗ್ಲೌಸ್ ಹೊಸ್ತಿಲು, ಬ್ಯಾಟ್ ಮಾಳಿಗೆ. ಹೊಸ್ತಿಲು ದಾಟದವನಿಗೆ ಮಾಳಿಗೆ ಎಷ್ಟು ಎತ್ತರವಿದ್ದರೂ ಏನು ಪ್ರಯೋಜನ? ಹೊಸ್ತಿಲು ದಾಟಿದವರಲ್ಲಿ ಯಾರು ಮೇಲು ಎಂದು ತೂಗುವಾಗ ಬ್ಯಾಟನ್ನು ತಟ್ಟೆಗೆ ಹಾಕಲೇಬೇಕು. ಆ ಲೆಕ್ಕದಲ್ಲಿ ಗಿಲ್‌ಕ್ರಿಸ್ಟ್, ನಾಟ್, ಧೋನಿ ಮೇಲಕ್ಕೆ ಹೋಗುತ್ತಾರೆ. ಸ್ಪಿನ್ನಿಗೆ ನಿಂತು ಕೈಚಳಕವನ್ನಷ್ಟೇ ಕೇಳಿದರೆ ಭಾರತದಲ್ಲಿ ಕಿರ್ಮಾನಿ ಅವರ ಹೆಸರೇ ನನಗೆ ಮೊದಲು.

ಈ ಮಾತೆಲ್ಲ ನಡೆಯುವಾಗ ಗೋಡೆ ಕಡೆಯ ಮುಖ ನಿಧಾನವಾಗಿ ನಮ್ಮ ಕಡೆ ತಿರುಗಿತ್ತು. "ಹಂಗಾದ್ರ ನಂದೇ ಸರಿ ಹೌದಿಲ್ರಿ ಫುಪ್ಪು?" ಎಂದ.

"ಅರ್ಧ ಸರಿ" ಎಂದೆ. ಕಿರ್ಮಾನಿ ಅವರನ್ನೂ 1979ರಲ್ಲಿ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸದ ತಂಡದಿಂದ ಕೈಬಿಟ್ಟಿದ್ದರು ಎಂದು ಹೇಳಿದೆ. ಅವರು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಅದೇ ವರ್ಷ ಮರಳಿ ಬಂದು, ಮುಂಬಯಿಯಲ್ಲಿ ಆಸ್ಟ್ರೇಲಿಯ ವಿರುದ್ಧ, ದಿನದ ಕೊನೆಯಲ್ಲಿ ಬೇರೆ ಬ್ಯಾಟ್ಸ್‌ಮನ್‌ಗಳನ್ನು ಕಾಪಾಡಲು ಕಳಿಸಿದಾಗ, ಔಟಾಗದೆ 101 ರನ್ ಹೊಡೆದರು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡ ಕಥೆ ಎಲ್ಲರಿಗೂ ಗೊತ್ತು. ಕಪಿಲ್ ದೇವ್ ಔಟಾಗದೆ 175 ಹೊಡೆದರು. 140 ರನ್ನಿಗೆ 8 ವಿಕೆಟ್ ಬಿದ್ದಾಗ ಅವರ ಜೊತೆಗೆ ಬಂದವರು ಕಿರ್ಮಾನಿ. ಇಬ್ಬರೂ ಸೇರಿ ಮುರಿಯದ 126 ರನ್ ಕೂಡಿಸಿದರು. ಅದರಲ್ಲಿ ಕಿರ್ಮಾನಿ ಅವರದು 24. ಒಂಬತ್ತನೆಯ ವಿಕೆಟ್ಟಿನ ಆ ಏಕದಿನ ದಾಖಲೆ 2010ರವರೆಗೆ, 27 ವರ್ಷ ನಿಂತಿತ್ತು. ಫೈನಲ್‌ನಲ್ಲಿ ಸಂಧು ಜೊತೆ ಕೊನೆಯ ವಿಕೆಟ್ಟಿಗೆ 22 ರನ್ ಸೇರಿಸಿದರು. ಆಮೇಲೆ ಅದೇ ಸಂಧು ಬೌಲಿಂಗ್‌ನಲ್ಲಿ ಬ್ಯಾಕಸ್ ಅವರ ಕ್ಯಾಚನ್ನು ಹಾರಿ ಹಿಡಿದರು. ಆ ವಿಶ್ವಕಪ್‌ನ ಅತ್ಯುತ್ತಮ ಕೀಪರ್ ಎಂದು ಅವರಿಗೆ ಬೆಳ್ಳಿಯ ಗ್ಲೌಸ್ ಕೊಟ್ಟವರು ಯಾರು ಗೊತ್ತೇ? ಸರಾಸರಿ 20ರ ಆ ಗಾಡ್‌ಫ್ರೆ ಇವಾನ್ಸ್.

"ನಿನಗ 175 ಬ್ಯಾಡಪ್ಪ. 24 ಸಾಕು. ಆದ್ರ 24 ಬೇಕೇ ಬೇಕು" ಎಂದೆ. ಅವನು ಎದ್ದು ಹೋಗಿ ಮುಖ ತೊಳೆದು ಬಂದ. ಭಾಬಿ ರೊಟ್ಟಿ ಹಾಕಿದರು.

ಅವನ ತಂಗಿ ಸುಮ್ಮನಿರಲಿಲ್ಲ. "ಹುಡುಗ್ಯಾರೂ ಕೀಪರ್ ಆಗ್ತಾರೇನ್ರಿ?" ಎಂದಳು. ಯಾಕಾಗುವುದಿಲ್ಲ? ಬೆಂಗಳೂರಿನ ಕರುಣಾ ಜೈನ್ ಭಾರತದ ಪರ 5 ಟೆಸ್ಟ್, 44 ಏಕದಿನ ಪಂದ್ಯಗಳನ್ನು ಆಡಿ, ಶತಕವನ್ನೂ ಹೊಡೆದು, 2022ರಲ್ಲಿ ನಿವೃತ್ತರಾದರು. 2025ರ ನವೆಂಬರ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದಾಗ ಸ್ಟಂಪ್ ಹಿಂದೆ ಇದ್ದವಳು ರಿಚಾ ಘೋಷ್, ಬ್ಯಾಟಿನಲ್ಲೂ ಗಟ್ಟಿಗಿತ್ತಿ. ಕೇಳಿ ಅವಳ ಕಣ್ಣು ಅರಳಿತು.

ಮರುದಿನವೇ ಅಂಗಳದ ಬೇವಿನ ಮರಕ್ಕೆ, ಹಳೆಯ ಕಾಲುಚೀಲದೊಳಗೆ ಒಂದು ಚೆಂಡು ಜೋತುಬಿತ್ತು. ಹುಡುಗ ಬೆಳಿಗ್ಗೆ, ಸಂಜೆ ಅದನ್ನು ಹೊಡೆಯುತ್ತಾನೆ ಎಂದು ಭಾಬಿ ಫೋನಿನಲ್ಲಿ ಹೇಳಿದರು. ಅವನ ತಂಗಿ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಕಾಲಂ ಮಾಡಿದಳು: ಬೈ ಎಷ್ಟು, ಬಂದ ಕ್ಯಾಚ್ ಎಷ್ಟು, ಹಿಡಿದದ್ದೆಷ್ಟು, ಬಿಟ್ಟ ಮೇಲೆ ಆ ಬ್ಯಾಟ್ಸ್‌ಮನ್ ಎಷ್ಟು ಹೊಡೆದ. ಮೊದಲು ಕುಷ್ಟಗಿಯ ಪಂದ್ಯವನ್ನೇ ಅಣ್ಣನಿಂದ ಕೇಳಿ ಬರೆದಳು. ಬೈ 16. ಬಿಟ್ಟ ಕ್ಯಾಚ್ ಎರಡರಲ್ಲಿ ಒಬ್ಬ ಮುಂದಿನ ಓವರಿನಲ್ಲೇ ಔಟಾಗಿದ್ದ. ಇನ್ನೊಬ್ಬ 5ರಲ್ಲಿ ಉಳಿದವನು ಔಟಾಗದೆ 31 ಹೊಡೆದಿದ್ದ. ಅಲ್ಲಿಗೆ 16 ಮತ್ತು 26, ಒಟ್ಟು 42. ಹೊಸ ಕೀಪರ್ ಹೊಡೆದದ್ದು 22. ಸೋತದ್ದು 11ರಿಂದ.

ಗಂಗಾವತಿಯಲ್ಲಿ ಮುಂದಿನ ಪಂದ್ಯವಿದ್ದಾಗ ಅವಳು ಅಬ್ಬಾನ ಜೊತೆ ನೋಟ್‌ಬುಕ್ ಹಿಡಿದು ಹೋದಳು. ಪಿ.ಟಿ. ಸರ್ ನೋಡಿ ಏನೆಂದು ಕೇಳಿದರಂತೆ. ಪುಟ ತಿರುವಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಾವು ಬರದಿಡತಾನ ಇರಲಿಲ್ಲ ನೋಡ್ವಾ" ಎಂದರಂತೆ. ಅವರನ್ನು ದೂರುವುದು ಸರಿಯಲ್ಲ. ಬರೆದಿಟ್ಟ ರನ್ ಅವರ ಕಣ್ಣಿಗೆ ಬಿದ್ದಿತ್ತು. ಉಳಿಸಿದ ರನ್ನನ್ನು ಬರೆಯಲು ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅಂದು ಕೂಡ ಅಣ್ಣನ ಮಗ ಆಡಲಿಲ್ಲ. ತಂಡ ಮೊದಲೇ ನಿರ್ಧಾರವಾಗಿತ್ತು. ಆದರೆ ಹೊರಡುವಾಗ ಸರ್ ಇಬ್ಬರನ್ನೂ ಕರೆದರಂತೆ. ಅಣ್ಣನಿಗೆ, "ನಾಳೆ ಸಂಜಿಗಿ ಗ್ಲೌಸ್ ತಗೊಂಡು ಬಾ" ಎಂದರು. ತಂಗಿಗೆ, "ನೀನು ಪುಸ್ತಕ ತಗೊಂಡು ಬಾ."